ವೀಕ್ಲಿ ಆಫಿನ ದಿನ ಹೊಳೆ ತೋರಿಸಿದ್ದು

ಕೆಂಗೇರಿ ರೂಟಿನ ನನ್ನ ಬಸ್ಸಿನ ಹೆಂಗಸರಲ್ಲಿ
ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವವಳು ಅವಳೊಬ್ಬಳೇ, ಸೊಲೇನ್.
ನೀರಿನ ಬಗ್ಗೆ ಏನೋ ಓದಲು ಬಂದವಳು.
ಅವಳೂರಿನ ಹೆಸರು ಹೇಳಿದಳು: ಅರ್ಧ ಅವಳ ಮೂಗಿನಲ್ಲೇ ಉಳಿಯಿತು,
ಇನ್ನರ್ಧ ನನ್ನ ಸೀಟಿಯ ಸದ್ದಿಗೆ ಹೋಯಿತು.

ನಾಯಂಡಹಳ್ಳಿಯಲ್ಲಿ ಬಸ್ಸು ನಿಂತೇ ನಿಂತಿದ್ದಾಗ
ಫೋನು ತೆಗೆದು ತೋರಿಸಿದಳು.
ಕಣಿವೆಯ ತಳದಲ್ಲಿ ಅಂಗೈಯಷ್ಟು ಊರು, ಕಲ್ಲಿನ ಸೇತುವೆ,
ಗುಡ್ಡದ ಮೇಲೆ ತಲೆ ಮುರಿದ ಕೋಟೆ,
ಹಳದಿ ದೋಣಿಯಲ್ಲಿ ಅವಳಜ್ಜಿ,
ಎಪ್ಪತ್ತೆಂಟು ವಯಸ್ಸು, ಹುಟ್ಟು ಹಾಕುವ ಆ ತೋಳು ನೋಡಬೇಕು!
ಭಾನುವಾರ ಗಂಡಸರು ಗಾಳ ಹಿಡಿದು ಕೂರುತ್ತಾರಂತೆ,
ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರಂತೆ.
‘ಮತ್ತೆ ಹಿಡಿಯೋದ್ಯಾಕೆ?’ ಅಂದೆ.
ನಕ್ಕಳು. ಆಮೇಲೆ ಕೇಳಿದಳು,
‘ಹೊಂಬಾಳಮ್ಮ, ನಿಮ್ಮೂರಿನ ನದಿ ಎಲ್ಲಿ?’

ಹತ್ತೊಂಬತ್ತು ವರ್ಷದ ಸರ್ವೀಸು.
ಕಿಟಕಿಯಾಚೆ, ಮಾರು ದೂರದಲ್ಲೇ ಇತ್ತದು.
ಮೋರಿ ಅನ್ನಲು ಬಾಯಿ ತೆರೆದವಳು
ಯಾಕೋ, ‘ಬುಧವಾರ ನನಗೆ ಆಫ್’ ಅಂದುಬಿಟ್ಟೆ.

ಬುಧವಾರ ಬೆಳಿಗ್ಗೆ ಬಸವನಗುಡಿ.
ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತಾಳೆ ವೃಷಭಾವತಿ,
ಹಾಗಂತ ಹಿರಿಯರ ಮಾತು.
ಪಾದದಲ್ಲಿ ಹೂವಿತ್ತು, ಬೆಣ್ಣೆಯ ಜಿಡ್ಡಿತ್ತು, ನೀರಿಲ್ಲ.
‘ಒಳಗೆ ತಾಯಿ, ಕಲ್ಲಿನ ಒಳಗೆ’ ಅಂದರು ಅರ್ಚಕರು.
ಸೊಲೇನ್ ಕಂಬಕ್ಕೆ ಕಿವಿಯಿಟ್ಟಳು.
ಹಿಂದಿದ್ದವರು ಭಕ್ತಿಯೆಂದುಕೊಂಡು ಜಾಗ ಬಿಟ್ಟರು.
‘ಕೇಳಿಸ್ತಾ?’
‘ಆಟೋ ಕೇಳಿಸ್ತು’ ಅಂದಳು, ಕನ್ನಡದಲ್ಲೇ.

ಗಾಳಿ ಆಂಜನೇಯನ ಹತ್ತಿರ ಸಿಕ್ಕಳು ಕೊನೆಗೂ,
ಎರಡು ಗೋಡೆಗಳ ನಡುವೆ, ಕಪ್ಪಗೆ, ಆದರೂ ಅವಸರದಲ್ಲಿ.
ದೋಣಿ ಅಂದರೆ ಒಂದು ಥರ್ಮಾಕೋಲ್ ಪೆಟ್ಟಿಗೆ,
ಮೇಲೊಂದು ಕಾಗೆ, ಮಾಲೀಕನ ಗತ್ತಿನಲ್ಲಿ.
ಗಾಳವೂ ಇತ್ತು. ಉದ್ದನೆ ಕೋಲಿಗೆ ಕೊಕ್ಕೆ ಬಿಗಿದು
ಬಾಟಲಿ ಎಳೆಯುತ್ತಿದ್ದ ಹುಡುಗ, ಮುನಾವರ್.
ಅವನು ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವುದಿಲ್ಲ,
ಕೇಜಿಗೆ ಹನ್ನೆರಡು ರೂಪಾಯಿ.
ಫೋಟೋಗೆ ಎತ್ತಿದ ಫೋನನ್ನು ಸೊಲೇನ್ ಇಳಿಸಿದಳು.
‘ತೆಗೀರಿ ಅಕ್ಕಾ’ ಅಂತ ಅವನೇ ಕೋಲು ನಿಲ್ಲಿಸಿ
ರಾಜನ ಹಾಗೆ ನಿಂತ.

ನಾತ? ಇತ್ತು. ಸೆರಗು ಮೂಗಿಗೆ ಹೋಗುತ್ತಿತ್ತು,
ಅತಿಥಿಯ ಮುಂದೆ ನಮ್ಮನೆ ನಾವೇ ಹಳಿದಂತಾಗುತ್ತದೆಂದು
ಅರ್ಧ ದಾರಿಯಿಂದಲೇ ಇಳಿಸುತ್ತಿದ್ದೆ.

ಕೆಂಗೇರಿ ದಾಟಿ ಸೇತುವೆ ಮೇಲೆ ನಿಂತಾಗ
ಕೆಳಗೆ ನೊರೆ, ಮುದ್ದೆಮುದ್ದೆ, ಎದ್ದೆದ್ದು ರಸ್ತೆಗೆ ಹಾರುವ ನೊರೆ.
ಅಷ್ಟರಲ್ಲಿ ಅಜ್ಜಿಯ ವಿಡಿಯೋ ಕಾಲ್.
ಅಲ್ಲಿ ಇನ್ನೂ ಬೆಳಗಿನ ಕಾಫಿ.
ಏನೋ ಕೇಳಿದರು, ಕಣ್ಣರಳಿಸಿ.
‘ಹಿಮವಾ ಅಂತಿದ್ದಾಳೆ’ ಅಂದಳು ಸೊಲೇನ್, ನನ್ನ ಮುಖ ನೋಡುತ್ತ.
ಸುಳ್ಳು ಹೇಳಬಹುದಿತ್ತು. ಅಷ್ಟು ದೂರದ ಮುದುಕಿ, ಏನು ಹೋಗುತ್ತಿತ್ತು?
‘ಸೋಪು ಅನ್ನು’ ಅಂದೆ. ‘ಊರಿಗೂರೇ ಸ್ನಾನ ಮಾಡಿದ್ದು ಅನ್ನು.’

ಅಜ್ಜಿ ನಗಲಿಲ್ಲ.
ಲೋಟ ಕೆಳಗಿಟ್ಟು ಬಹಳ ಹೊತ್ತು ಮಾತಾಡಿದರು.
ಸೊಲೇನ್ ತುಂಡುತುಂಡಾಗಿ ದಾಟಿಸಿದಳು:
ಅವರು ಹುಡುಗಿಯಾಗಿದ್ದಾಗ ಆ ಹೊಳೆ ಸೋಮವಾರ ಕೆಂಪು, ಗುರುವಾರ ನೀಲಿ.
ಮೇಲೆ ಬಣ್ಣದ ಕಾರ್ಖಾನೆ ಇತ್ತಂತೆ.
ಕಾಲಿಟ್ಟರೆ ಅವರಮ್ಮ ಹೊಡೆಯುತ್ತಿದ್ದರಂತೆ.
ಹಳದಿ ದೋಣಿ ಬಂದದ್ದು ಅರವತ್ತು ದಾಟಿದ ಮೇಲೆ.

ಈ ಮಾತಿಗೆ ಏನು ಉತ್ತರ ಕೊಡಬೇಕೋ ತಿಳಿಯದೆ
ಫೋನಿಗೆ ಕೈ ಮುಗಿದೆ.
ಇಬ್ಬರೂ ಕಬ್ಬಿನ ಹಾಲು ಕುಡಿದೆವು. ದುಡ್ಡು ನಾನೇ ಕೊಟ್ಟೆ.

ಗುರುವಾರ, ಫಸ್ಟ್ ಶಿಫ್ಟು.
ನಾಯಂಡಹಳ್ಳಿ ಬರುವ ಮೊದಲು
ಗಂಟಲು ತಾನೇ ಕೂಗಿತು:
‘ಹೊಳೆ! ಹೊಳೆ ಹತ್ರ ಇಳಿಯೋರು ಮುಂದೆ ಬನ್ನಿ!’
ಅಂಥ ಸ್ಟಾಪಿಲ್ಲ ನನ್ನ ಮೆಷಿನ್ನಿನಲ್ಲಿ.
ಯಾರೂ ಏಳಲಿಲ್ಲ. ಎರಡು ತಲೆ ಕಿಟಕಿಗೆ ತಿರುಗಿದವು.
ಡ್ರೈವರ್ ಗಂಗಬೈರಯ್ಯ ಕನ್ನಡಿಯಲ್ಲಿ ನನ್ನ ನೋಡಿದರು.
ಸಿಗ್ನಲ್ಲಿಗೋ, ನನ್ನ ಮಾತಿಗೋ,
ಬಸ್ಸಂತೂ ನಿಂತಿತು.