ಯಾರೂ ಇಲ್ಲದ ಜಾಗಕ್ಕೆ

ಬೆಂಗ್ರೆಗೂ ಬಂದರಿಗೂ ಬೋಟು ಓಡಿಸಿ ಇಪ್ಪತ್ತಾರು ವರ್ಷ.
ಈ ಹೊಳೆಯಲ್ಲಿ ಎಲ್ಲಿ ಹೂಳುಂಟು, ಕೇಳಿ, ಹೇಳುತ್ತೇನೆ.
ನಮ್ಮ ಟೀಮಿನಲ್ಲಿ ಎಲ್ಲಿ ಹೂಳುಂಟು, ಕೇಳಬೇಡಿ,
ಆದರೂ ಹೇಳುತ್ತೇನೆ.

ಹತ್ತನೇ ನಂಬರಿನ ಜೆರ್ಸಿ ಹೊಸ ಹುಡುಗನಿಗೆ ಕೊಟ್ಟರು.
ಶಮ್ಮಾಸ್ ಅಂತೆ, ಉಪ್ಪಳದವ.
ಕಾಲು ಕೊಕ್ಕರೆಯದ್ದು, ಮಾತು ಅದಕ್ಕಿಂತ ಸಪೂರ.
ಒಂಬತ್ತು ವರ್ಷ ಅದನ್ನು ತಂಜೀಲ ಬೆವರಿನಲ್ಲಿ ಅದ್ದಿದ್ದ,
ಮೊಣಕಾಲು ಹೋಗದಿದ್ದರೆ ಇನ್ನೂ ಅದ್ದುತ್ತಿದ್ದ.
ಈಗ ಐಸ್ ಪ್ಲಾಂಟಿನಲ್ಲಿ ಕೂತು ಚೀಟಿ ಬರೆಯುತ್ತಾನೆ,
ಆಟದ ಸುದ್ದಿ ತೆಗೆದರೆ
ಚೀಟಿಯನ್ನೇ ನೋಡುತ್ತಾನೆ.

ತಂಜೀಲ ಚೆಂಡು ಕೊಟ್ಟರೆ ಕಾಲಿಗೇ ಕೊಡುವುದು,
ಮದುವೆ ಮನೆಯಲ್ಲಿ ಬಡಿಸಿದ ಹಾಗೆ, ಮುಖ ನೋಡಿ, ಹಸಿವು ನೋಡಿ.
ಇವ ಕೊಡುವುದು ಯಾರೂ ಇಲ್ಲದ ಜಾಗಕ್ಕೆ.
ಮರಳು, ಒಂದು ನಾಯಿ, ಅಳಿಸಿದ ಸುಣ್ಣದ ಗೆರೆ,
ಅಲ್ಲಿಗೆ.
ಫಾರ್ವರ್ಡ್ ಪುತ್ರನ್ ಎರಡು ಹೆಜ್ಜೆ ಓಡಿ, ನಿಂತು,
ಕೈ ಅಗಲಿಸುತ್ತಾನೆ: ಎಂತ ಇದು?
ಗೆರೆಯಾಚೆ ಕೂತ ನಾವೂ ಕೈ ಅಗಲಿಸುತ್ತೇವೆ.

ಕೋಚೂ ಹೊಸಬ. ಕರ್ಕೇರ ಸರ್. ಕೊರಳಲ್ಲಿ ಎರಡು ಸೀಟಿ,
ಒಂದು ಸಾಲದೇನೋ.
ಮರಳಲ್ಲಿ ಕಿತ್ತಳೆ ಬಣ್ಣದ ಟೊಪ್ಪಿ ಸಾಲಾಗಿ ಇಟ್ಟು
ಅದರ ಎಡೆಯಲ್ಲಿ ಮಕ್ಕಳನ್ನು ಚೆಂಡಿಲ್ಲದೆ ಓಡಿಸುತ್ತಾರೆ.
ಚೆಂಡಿಲ್ಲದೆ! ಬಲೆ ಬಿಟ್ಟು ಮೀನಿಗೆ ಹೋದ ಹಾಗೆ.
ಚೆಯ್ಯಬ್ಬಾಕ ಇದ್ದಾಗ ಕೋಚಿಂಗ್ ಎಂದರೆ ಒಂದೇ ಮಾತು,
ಬೀಡಿಯ ಸಂದಿನಿಂದ:
"ಹೊಡಿ ಮಾರಾಯ, ಗೋಲು ಅಲ್ಲಿ ಉಂಟು."
ಅದರಲ್ಲೇ ಎರಡು ಕಪ್ ಬಂತು.
ಏಳು ಸಲ ಸೋತದ್ದೂ ಅದರಲ್ಲೇ,
ಅದನ್ನು ಈಗ ಯಾಕೆ ಎತ್ತುವುದು.

ಮೂರು ಆಟ ಆಯಿತು. ಒಂದು ಸೋಲು, ಎರಡು ಸೊನ್ನೆ ಸೊನ್ನೆ.
ಮೂರನೆಯದ್ದರಲ್ಲಿ ಇನ್ನು ಐದು ನಿಮಿಷ ಉಂಟು ಎನ್ನುವಾಗ
ಗೋಲು ಇವನೆದುರು ಬಾಯಿ ತೆರೆದು ನಿಂತಿತ್ತು,
ಹೊಡಿ ಹೊಡಿ ಎಂದು ಇಡೀ ಬೆಂಗ್ರೆ ಎದ್ದು ನಿಂತಿತ್ತು.
ಇವ ತಲೆ ಎತ್ತಿದ. ನಿಧಾನ,
ಬಂದ ನೆಂಟರಿಗೆ ಚಾ ಆಗಬಹುದಾ ಎಂದು ಕೇಳುವವನ ಹಾಗೆ
ಎಡಕ್ಕೆ ತಳ್ಳಿದ.
ಎಡದಲ್ಲಿ ಯಾರು?
ಗಾಳಿ.

ಮರುದಿನ ಬೋಟಿನಲ್ಲಿ ಬುಟ್ಟಿ ಇಳಿಸುತ್ತ ಬೇಬಿಯಕ್ಕ:
"ನಿಮ್ಮ ಹುಡುಗ ಚೆಂಡನ್ನು ಸಮುದ್ರಕ್ಕೆ ಹರಕೆ ಹೇಳಿದ್ದಾನಾ?"
ನಾನು ಎಂಜಿನ್ ಜೋರು ಮಾಡಿದೆ.

ನಿನ್ನೆ ಸಂಜೆ ಇಳಿತ ಬಲವಾಗಿತ್ತು.
ಅವನೊಬ್ಬನೇ ಬೋಟಿನಲ್ಲಿ, ತೊಡೆಯ ಮೇಲೆ ಬೂಟಿನ ಚೀಲ.
ಇಳಿತದಲ್ಲಿ ಯಾರೂ ಕಟ್ಟೆಗೆ ಗುರಿ ಹಿಡಿಯುವುದಿಲ್ಲ,
ಹಿಡಿದರೆ ನೇರ ಅಳಿವೆಗೆ.
ಮೇಲಕ್ಕೆ, ಆ ಮುರುಕು ಟ್ರಾಲ್ ಬೋಟಿನ ಕಡೆ ಮೂತಿ ತಿರುಗಿಸಬೇಕು,
ಏನೂ ಇಲ್ಲದ ನೀರಿಗೆ.
ಹೊಳೆಯೇ ತಂದು ಕಟ್ಟೆಗೆ ಮುಟ್ಟಿಸುತ್ತದೆ.
ಹುಡುಗ ಮೂತಿ ನೋಡಿದ, ಕಟ್ಟೆ ನೋಡಿದ,
ಚುಕ್ಕಾಣಿಯ ಮೇಲಿನ ನನ್ನ ಕೈ ನೋಡಿದ.
ನಕ್ಕ.
ಎಂತ ನಗುವುದು, ಕೇಳಿದೆ.
ಎಂತ ಇಲ್ಲ ಕಾಕ, ಅಂದ.

ರಾತ್ರಿ ಚಾಪೆಯಲ್ಲಿ ನನ್ನದೇ ಜಗಳ.
ದೋಣಿ ಬೇರೆ, ಚೆಂಡು ಬೇರೆ.
ಹೊಳೆಗಾದರೆ ಇಳಿತ ಉಂಟು, ಪುತ್ರನ್ನಿಗೆ ಉಂಟಾ?
ಓಡಬೇಕಾದವ ಓಡದಿದ್ದರೆ
ಆ ಪಾಸು ಯಾರಿಗೆ, ನಾಯಿಗಾ?
ಹಾಗಾದರೆ ಚೆಂಡಿಲ್ಲದೆ ಓಡಿಸುವುದು
ಇದಕ್ಕಾ, ಎಂದು ಒಂದು ಗಳಿಗೆ ಅನಿಸಿತು.
ಮಗ್ಗುಲು ಬದಲಿಸಿ ಮಲಗಿದೆ.

ಆದಿತ್ಯವಾರ ಉಳ್ಳಾಲದವರ ಜೊತೆ ಸೆಮಿ.
ಗೆಲ್ಲುತ್ತೇವೆ ಎಂದು ನನ್ನ ಬಾಯಿಂದ ಬರುವುದಿಲ್ಲ.
ಕರ್ಕೇರ ಸರ್ ಮೇಲೆ ಈಗಲೂ ನನಗೆ ಡೌಟೇ,
ಆ ಎರಡನೇ ಸೀಟಿಯ ಮೇಲಂತೂ ಖಂಡಿತ.
ಇವತ್ತು ಬೆಳಿಗ್ಗೆ ಇಳಿಯುವಾಗ ಹುಡುಗ
ಐನೂರರ ನೋಟು ಹಿಡಿದ.
ಇರಲಿ ಹೋಗು, ಅಂದೆ.
ನಂಬಿಕೆ ಬಂತೆಂದು ಅಲ್ಲ ಮತ್ತೆ.
ಚಿಲ್ಲರೆ ಇರಲಿಲ್ಲ.