ಚಾ-ತಿಂಡಿ ಖಾತೆ

ನಾನು ಲೆಕ್ಕದವನು. ಕೊಡಿಯಾಲಬೈಲಿನ ಈ ಟ್ರಸ್ಟಿನಲ್ಲಿ
ಇಪ್ಪತ್ತಾರು ವರ್ಷ ಕೂಡಿಸಿದ್ದೇನೆ, ಕಳೆದಿದ್ದೇನೆ.
ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಉಳಿದ ದುಡ್ಡು,
ವರ್ಷಕ್ಕೆ ಮೂವರು ಹೊಸ ಸಂಶೋಧಕರಿಗೆ.
ಏಡಿಯ ಚಿಪ್ಪಿಗೆ ಕೊಟ್ಟೆವು, ಕಡಲ್ಕೊರೆತಕ್ಕೆ ಕೊಟ್ಟೆವು,
ಬಂಗುಡೆ ಯಾಕೆ ಕಡಿಮೆಯಾಯಿತು ಎಂದು ಕೇಳಲಿಕ್ಕೆ
ಎರಡು ಸಲ ಕೊಟ್ಟೆವು. ಬಂಗುಡೆ ಉತ್ತರಿಸಲಿಲ್ಲ.

ಆ ವರ್ಷ ಬಂದವಳು ಹರಿಣಾಕ್ಷಿ ಸಾಲ್ಯಾನ್.
ಪಿಎಚ್‌ಡಿ ಮುಗಿದು ಎಂಟು ತಿಂಗಳು,
ಅಪ್ಪ ದಕ್ಕೆಯಲ್ಲಿ ಐಸ್ ಒಡೆಯುವವರು.
ಕೇಳಿದ್ದು: ಎರಡು ವರ್ಷದ ಸಂಬಳ, ಬಸ್ಸಿನ ಪಾಸು,
ರಾತ್ರಿ ಆಫ್ ಆಗದ ಒಂದು ಫೋನು,
ಮತ್ತು ಚಾ-ತಿಂಡಿಗೆ ತಿಂಗಳಿಗೆ ನಾಲ್ಕು ಸಾವಿರ.
ವಿಷಯ: ಹದಿನೈದರಿಂದ ಇಪ್ಪತ್ತೆರಡರ ಹುಡುಗರು
ಇನ್ನೊಬ್ಬರ ಮೇಲೋ, ತಮ್ಮ ಮೇಲೆಯೋ
ಕೈ ಎತ್ತುವುದಕ್ಕೆ ಮೊದಲಿನ ಗಂಟೆ.

"ಆ ಗಂಟೆಯಲ್ಲಿ ಎಂತ ಉಂಟು?" ಡಾಕ್ಟರ್ ಭಂಡಾರ್ಕಾರ್ ಕೇಳಿದರು.
"ಗೊತ್ತಿಲ್ಲ ಸರ್. ಗೊತ್ತಿದ್ದರೆ ದುಡ್ಡು ಕೇಳ್ತಿರಲಿಲ್ಲ."
"ಕೊನೆಗೆ ನಮಗೆ ನೋಡಲಿಕ್ಕೆ ಎಂತ ಸಿಗ್ತದೆ?"
ಕಿಟಕಿಯಾಚೆ ಯಾವುದೋ ಬಸ್ಸಿನ ಕಂಡಕ್ಟರ್ ಸೀಟಿ ಊದಿದ.
ಅದು ಮುಗಿಯುವ ತನಕ ಕಾದು ಹೇಳಿದಳು:
"ಎಂತ ಸಹ ಆಗದ ದಿನಗಳು."

ಸಭೆಯಲ್ಲಿ ನನಗೆ ಮತ ಇಲ್ಲ.
ಅರ್ಜಿ ಪಾಸಾಯಿತು. ಚಾ-ತಿಂಡಿ ಒಂದೂವರೆ ಸಾವಿರಕ್ಕೆ ಇಳಿಯಿತು.

ತಿಂಗಳ ಕೊನೆಗೆ ಲಕೋಟೆ ಬರತೊಡಗಿತು,
ಎಣ್ಣೆ ಹೀರಿದ ಬಿಲ್ಲುಗಳು, ಹಿಂದೆ ಅವಳ ಅಕ್ಷರ:
೪ — ಚಾ. ೧೧ — ಲಿಂಬೆ ಶರಬತ್ತು, ಗೋಳಿಬಜೆ.
೧೭ — ಬನ್ಸ್ ಎರಡು, ಚಾ ಒಂದು.
ಕೆಂಪು ಶಾಯಿಯಲ್ಲಿ ಬರೆದು ಕಳಿಸಿದೆ: ಹದಿನೇಳು ಯಾರು?
ಪೆನ್ಸಿಲಿನಲ್ಲಿ ಮರಳಿ ಬಂತು: ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.
ನಮ್ಮ ಪುಸ್ತಕದಲ್ಲಿ ಮಾತಿಗೆ ಕಾಲಂ ಇಲ್ಲ.
ಇತರೆ ಎಂಬಲ್ಲಿ ಬರೆದುಕೊಂಡೆ.

ಜೂನಿನಲ್ಲಿ ನಗರ ಎರಡು ದಿನ ಅಂಗಡಿ ತೆರೆಯಲಿಲ್ಲ.
ಒಂಬತ್ತರ ಬಿಲ್ಲು ಬಂದರಿನ ಹೊಟೇಲಿನದ್ದು,
ಇಪ್ಪತ್ತೆರಡರದ್ದು ಬೋಳೂರಿನದ್ದು, ಬೇರೆ ಬೇರೆ ಪಿನ್ನು.
ಅಕ್ಟೋಬರಿನಲ್ಲಿ ಒಂದೇ ಬಿಲ್ಲು.
೯, ೨೨ — ಗಡ್‌ಬಡ್ ಒಂದು, ಚಮಚ ಎರಡು.
ಚಮಚಕ್ಕೆ ಯಾರೂ ಹಣ ಹಾಕುವುದಿಲ್ಲ.
ಅದನ್ನು ಅವಳಾಗಿ ಬರೆದದ್ದು.

ಫೆಬ್ರವರಿಯಲ್ಲಿ ಹದಿನೇಳು ಇಲ್ಲ.
ಮಾರ್ಚಿನಲ್ಲೂ ಇಲ್ಲ; ಒಂದು ಆಟೋ ಚೀಟಿ ಇತ್ತು,
ದೇರಳಕಟ್ಟೆಗೆ, ಒಂದೂವರೆ ಬಾಡಿಗೆ, ರಾತ್ರಿ ಎರಡೂ ಹತ್ತು.
ಮುಂಚಿತ ಅನುಮತಿ ಇಲ್ಲದೆ ಆಟೋ ಹತ್ತಬಾರದೆಂದು ನಿಯಮ.
ನಿಯಮ ಬರೆದವನು ನಾನೇ.
ಸಹಿ ಹಾಕಿದೆ.

ಏಪ್ರಿಲ್ ಪೂರ್ತಿ ಊಟದ ಬಟ್ಟಲಿನ ಮುಂದೆ ತುಟಿ ಆಡಿಸುತ್ತಿದ್ದೆನಂತೆ.
"ಎಂತ ಎಣಿಸುದು ನೀವು?" ಬೆನೆಡಿಕ್ಟಾ ಕೇಳಿದಳು.
"ಹದಿನಾರು, ಹದಿನೆಂಟು," ಎಂದೆ.

ಮೇ ತಿಂಗಳ ಲಕೋಟೆ ಸೆಕೆಗೆ ಅಂಟಿಕೊಂಡಿತ್ತು.
ಕೊನೆಯ ಬಿಲ್ಲು:
೧೭ — ಬನ್ಸ್ ಒಂದು. ಅರ್ಧ ಬಿಟ್ಟ.
ಬಿಟ್ಟ ಅರ್ಧಕ್ಕೂ ಪೂರ್ತಿ ಬೆಲೆ.
ಒಂದೇ ಸಾಲಿನ ಬಿಲ್ಲನ್ನು ಮೂರು ಸಲ ಕೂಡಿಸಿದೆ.

ಈಗ ಎರಡು ವರ್ಷ ಮುಗಿಯಿತು.
ವರದಿಯಲ್ಲಿ ಬರೆದಿದ್ದಾಳೆ, ಸಂಖ್ಯೆ ಸಣ್ಣದು,
ಖಚಿತವಾಗಿ ಹೇಳಲಾಗದು, ಇನ್ನೂ ಐದು ವರ್ಷ ಬೇಕು.
ಇಷ್ಟು ಪ್ರಾಮಾಣಿಕ ವರದಿಗೆ ದುಡ್ಡು ಸಿಗುವುದು ಕಷ್ಟ.
ಬಂಗುಡೆಯ ಹುಡುಗನ ಅರ್ಜಿ ಮತ್ತೆ ಬಂದಿದೆ, ಗ್ರಾಫ್ ಸಮೇತ.
ಅವಳಿಗೆ ಮೂವತ್ತೊಂದು. ಉಡುಪಿಯ ಯಾವುದೋ ಕಾಲೇಜಿನಲ್ಲಿ
ಗಂಟೆ ಲೆಕ್ಕದ ಪಾಠವಂತೆ, ಜುಲೈಯಿಂದ.

ಚರ್ಚೆ ಊಟದ ನಂತರ.
ಫೈಲಿನ ಮೇಲೆ ಆ ಬಿಲ್ಲು ಇಟ್ಟಿದ್ದೇನೆ;
ಎಣ್ಣೆ ತಾಗಿದ ಕಡೆ ಕಾಗದದ ಆಚೆ ಕಾಣುತ್ತದೆ.

ಈ ತಿಂಗಳ ಫೋನಿನ ರೀಚಾರ್ಜು
ನಾನೇ ಹಾಕಿಸಿದೆ, ಅವಳಿಗೆ ಹೇಳದೆ.
ಯಾವ ಖಾತೆಗೆ ಬರೆಯುವುದೆಂದು
ಇನ್ನೂ ಗೊತ್ತಾಗಿಲ್ಲ.