ಸೀಟಿ ಊದುವ ತನಕ

ತಂಗಡಗಿಯ ಆಚೆ, ಕೃಷ್ಣೆಯ ದಂಡೆ, ಜನವರಿಯ ಬೆಳಗು.
ಟ್ರ್ಯಾಕ್ಟರಿನ ಟ್ರೇಲರಿನಿಂದ ಮೂವತ್ತೊಂದು ಮಕ್ಕಳು
ಜೋಳದ ಚೀಲ ಇಳಿಸಿದ ಹಾಗೆ
ಧೊಪ್ಪ ಧೊಪ್ಪ ಇಳಿದರು.
"ಯುದ್ಧ ಎಲ್ಲೈತ್ರಿ ಸರ?" ಯಮನೂರಿಯ ಪ್ರಶ್ನೆ.
ಕೈ ಬೀಸಿ ತೋರಿಸಿದೆ:
ಕಡಲೆ, ಕುಸುಬೆ, ತೆನೆಗಟ್ಟಿದ ಬಿಳಿಜೋಳ,
ಒಂದು ಪಂಪಸೆಟ್ಟು, ಅದರ ಮೇಲೊಂದು ಕಾಗೆ.
"ಇಷ್ಟ ಏನ್ರಿ?" ಅಂದ.

ಇದೇ ಹೊಲವೋ, ಬದುವಿನಾಚೆಯದೋ,
ಬಲ್ಲವರೂ ಇನ್ನೂ ಜಗಳಾಡುತ್ತಾರೆ.
ಇಲ್ಲೆಲ್ಲೋ, ಅಂದೆ. ತೊಗರಿ ಕೊಯ್ದ ಹೊಲದಲ್ಲಿ
ಸುಣ್ಣದ ಗೆರೆ ಎಳೆದು
ನಮ್ಮ ರಣಭೂಮಿ ನಾವೇ ಮಾಡಿಕೊಂಡೆವು.
ಹೊಲದ ಮಲಕಾಜಪ್ಪ ಬದುವಿನ ಮೇಲೆ ಕೂತು
ತಂಬಾಕು ತಿಕ್ಕುತ್ತ ಹೇಳಿದ:
"ಬಾಜೂಕಿನ ಕಡಲಿ ತುಳಿದ್ರ ಮಾತ್ರ ಮಾಸ್ತರ,
ಖರೇ ಯುದ್ಧ ಆಕ್ಕತಿ ನೋಡ್ರಿ."

ಹೆಸರು ನೋಡಿ ದಂಡು ಹಂಚಬಾರದೆಂದು
ನಮ್ಮಾಕಿಯ ಹೊಲಿಗೆ ಡಬ್ಬಿಯಿಂದ ಗುಂಡಿ ತಂದಿದ್ದೆ.
ಕರಿಗುಂಡಿ ದಕ್ಷಿಣ, ಬಿಳಿಗುಂಡಿ ಉತ್ತರ.
ದಾವಲ್ ದಕ್ಷಿಣಕ್ಕೆ ಹೋದ, ಶಾಂತಗೌಡ ಉತ್ತರಕ್ಕೆ.
ಯಾರಿಗೂ ಅದರ ಬೇಸರವಿಲ್ಲ,
ಬೇಸರವೆಲ್ಲ ಆನೆ ಒಂದೇ ಅಂತ.
ಆನೆಯಾಗಲು ಒಂಬತ್ತು ಮಂದಿ, ಕುದುರೆಯಾಗಲು ಹದಿನಾಲ್ಕು,
ರೊಟ್ಟಿ ಬಡಿಯಲು ಯಾರೂ ಇಲ್ಲ.

"ಅಷ್ಟ ಮಂದಿಗೆ ರೊಟ್ಟಿ ಯಾರು ಬಡಿದ್ರಿ ಸರ?"
ಅಂದಳು ಹುಸೇನಬಿ.
ಪುಸ್ತಕದಲ್ಲಿ ಇರಲಿಲ್ಲ. ಲೆಕ್ಕವಾಗಿ ಕೊಟ್ಟೆ:
ಆಳಿಗೆ ಮೂರು ರೊಟ್ಟಿ, ಹೊತ್ತಿಗೆ,
ಬರೀ ಹತ್ತು ಸಾವಿರ ಆಳು ಅಂತ ಹಿಡಿ, ಒಂದು ತಿಂಗಳು.
ಪಾಟಿಯ ಮೇಲೆ ಸೊನ್ನೆಗಳು
ಒಂದರ ಹಿಂದೊಂದು ನಡೆಯತೊಡಗಿದವು.
ಹುಡುಗರು ದಂಡನ್ನು ಮೊದಲು ಕಂಡದ್ದು
ಆಗಲೇ ಇರಬೇಕು.

ಆಯುಧ, ಜೋಳದ ದಂಟು.
ನಿಯಮ ಒಂದೇ: ತಾಕಿದರೆ ಸತ್ತ ಹಾಗೆ,
ಸತ್ತವರು ಸೀಟಿ ಊದುವ ತನಕ ಏಳಬಾರದು.

ನಾಲ್ಕು ನಿಮಿಷ ನಡೆಯಿತು.
ಆನೆಯ ಚಡ್ಡಿ ಹರಿಯಿತು.
ಶಾಂತಗೌಡ ಮೂರು ಸಲ ಸತ್ತ,
ಮೂರು ಸಲವೂ ಒಪ್ಪಲಿಲ್ಲ.
"ಸರ, ಇರುವಿ ಕಡ್ಯಾಕತ್ಯಾವ!"
"ಸತ್ತವರು ಮಾತಾಡಬಾರದು."
ಸತ್ತವರು ಕಿಸಕ್ಕನೆ ನಕ್ಕರು.

ಆಮೇಲೆ ನಗೆಯೂ ನಿಂತಿತು.
ಕುಸುಬೆಯ ಮುಳ್ಳಿನಲ್ಲಿ ಗಾಳಿ.
ಕರಿಮಣ್ಣಿನ ಮೇಲೆ ಅಂಗಾತ, ಬೋರಲು,
ಒಬ್ಬರ ಕಾಲ ಮೇಲೆ ಒಬ್ಬರ ಕೈ,
ಒಂದು ಚಪ್ಪಲಿ ಬೇರೆ ಎಲ್ಲೋ.
ಎಷ್ಟು ಹೊತ್ತು ನೋಡಿದೆನೋ.
ಸೀಟಿ ತುಟಿಗಿಟ್ಟು ಊದಿದರೆ
ಒಳಗಿನ ಗೋಲಿ ಸಿಕ್ಕಿಕೊಂಡು
ಬರೀ ಉಸಿರು ಬಂತು.
"ಏಳ್ರಲೇ!" ಅಂತ ಕೂಗಿದೆ,
ಬೇಕಾದ್ದಕ್ಕಿಂತ ಜೋರಾಗಿ.

ಬುತ್ತಿ ಬಿಚ್ಚಿದೊಡನೆ ದಂಡು ಕಲಸಿಹೋಯಿತು,
ಶೇಂಗಾ ಚಟ್ನಿಗೆ ಹೊಸ ಯುದ್ಧ.
ಪ್ರಶ್ನೆಪತ್ರಿಕೆ ಹಂಚಿದೆ. ಕೊನೆಯ ಪ್ರಶ್ನೆ:
ಯಾರು ಗೆದ್ದರು?
ಯಮನೂರಿ ಬರೆದಿದ್ದ: ಇರುವಿ.
ಸರಿ ಹಾಕಲೋ ತಪ್ಪು ಹಾಕಲೋ ತಿಳಿಯದೆ
ಸಹಿ ಹಾಕಿದೆ.

ಹೊರಡುವಾಗ ಎಣಿಸಿದೆ. ಮೂವತ್ತು.
ಮತ್ತೆ ಎಣಿಸಿದೆ. ಮೂವತ್ತು.
ಹೊಳೆಯ ಕಡೆ ನೋಡಲು ಧೈರ್ಯವಾಗಲಿಲ್ಲ.

ತೊಗರಿಯ ಕೂಳೆ ಮುಗಿದು ಕಡಲೆ ಶುರುವಾಗುವಲ್ಲಿ
ಗುರುಬಾಯಿ ಮಲಗಿದ್ದಳು,
ಎದೆಯ ಮೇಲೆ ದಂಟು, ಕಣ್ಣು ಗಟ್ಟಿ ಮುಚ್ಚಿ.
"ಏಳವ್ವ, ಮುಗೀತು."
"ಸೀಟಿ ಕೇಳಲಿಲ್ರಿ."
"ಊಟದ ಹೊತ್ತು ಹೋತಲ್ಲ, ಹಸಿವಿಲ್ಲೇನ?"
"ಸತ್ತವರಿಗೆ ಹಸಿವಿರತೈತೇನ್ರಿ?"
ಬಲಗೈ ಚಾಚಿದಷ್ಟು ದೂರ
ಸುಲಿದ ಹಸಿಗಡಲೆಯ ಸಿಪ್ಪೆ, ಒಂದು ಸಣ್ಣ ಗುಡ್ಡೆ.
ಬೆರಳೆಲ್ಲ ಹುಳಿ.

ಲಂಗಕ್ಕೆ ಹತ್ತಿದ ಮಣ್ಣು ಝಾಡಿಸಿದೆ, ಪೂರ್ತಿ ಹೋಗಲಿಲ್ಲ.
ಮಲಕಾಜಪ್ಪ ಸಿಪ್ಪೆ ನೋಡಿದ, ನನ್ನ ನೋಡಿದ,
ಇನ್ನೊಂದು ಹಿಡಿ ಗಿಡ ಕಿತ್ತು
ಅವಳ ಉಡಿಗೆ ಹಾಕಿದ.

ಟ್ರೇಲರಿನಲ್ಲಿ ಎಲ್ಲರೂ ಅವಳ ಸುತ್ತ:
"ಅಷ್ಟೊತ್ತು ಮಣ್ಣಿಗೆ ಕಿವಿ ಇಟ್ಟಿದ್ದೆಲ್ಲ,
ಏನ ಕೇಳಿಸ್ತು?"
"ಪಂಪಸೆಟ್ಟು," ಅಂದಳು.

ಮುದ್ದೇಬಿಹಾಳದಲ್ಲಿ ಟ್ರ್ಯಾಕ್ಟರು ನಿಲ್ಲಿಸಿ
ಹೊಸ ಸೀಟಿ ಕೊಂಡೆ.
ಅಂಗಡಿಯವನು ಬೇಡ ಬೇಡವೆಂದರೂ
ಊದಿ ನೋಡಿಯೇ ಕೊಂಡೆ.